ವಾರ್ಡಿನಲ್ಲಿ ಅಪ್ಪನಿಗೆ ಕಂಡ ಆನೆ

"ಪುಟ್ಟಿ, ದೀಪ ಆರಿಸು. ಮಾತನಾಡಬೇಡ. ಬಾಗಿಲ ಹತ್ತಿರ ನಿಂತಿದೆ."

ಗುರುವಾರ ರಾತ್ರಿ 1 ಗಂಟೆ 20 ನಿಮಿಷ. ಹಾಸನದ ಆಸ್ಪತ್ರೆಯೊಂದರ ಎರಡನೆಯ ಮಹಡಿ, ಮೂಳೆ ವಾರ್ಡು. ಅಪ್ಪನ ಬೆರಳುಗಳು ನನ್ನ ಮುಂಗೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದವು. ಬಾಗಿಲ ಹತ್ತಿರ ಬೂದು ಬಣ್ಣದ ಪರದೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಅಪ್ಪ, ಅದು ಪರದೆ" ಎಂದೆ.

"ಸುಮ್ಮನಿರು. ಒಂಟಿ ಸಲಗ. ಸೊಂಡಿಲೆತ್ತಿ ವಾಸನೆ ಹಿಡಿಯುತ್ತಿದೆ. ಗಾಳಿ ನಮ್ಮ ಕಡೆಯಿಂದ ಆ ಕಡೆಗೆ ಬೀಸುತ್ತಿದೆ."

ಆಲೂರು ತಾಲ್ಲೂಕಿನಲ್ಲಿ ಕಾಡಂಚಿಗೆ ಎರಡೂವರೆ ಎಕರೆ ಕಾಫಿ ತೋಟ, ಒಂದಿಷ್ಟು ಗದ್ದೆ ಇಟ್ಟುಕೊಂಡು ಬದುಕಿದವರು ನಾವು. ಆನೆ ನಮಗೆ ಕಥೆಯಲ್ಲ. ಭತ್ತ ತೆನೆಗಟ್ಟುವ ಹೊತ್ತಿಗೂ ಹಲಸು ಹಣ್ಣಾಗುವ ಹೊತ್ತಿಗೂ ಅಂಗಳದ ಆಚೆ ಬಿದಿರು ಮುರಿಯುವ ಸದ್ದು ಕೇಳುತ್ತದೆ. ಅಂಥ ರಾತ್ರಿಗಳಲ್ಲಿ ಅಪ್ಪ ನಮಗೆ ಚಿಕ್ಕಂದಿನಿಂದ ಕಲಿಸಿದ್ದು ಇಷ್ಟೇ: ದೀಪ ಆರಿಸು, ಮಾತನಾಡಬೇಡ, ಗಾಳಿ ಯಾವ ಕಡೆಗಿದೆ ನೋಡು. ಆಸ್ಪತ್ರೆಯ ಮಂಚದ ಮೇಲೆ ಅವರು ಹೇಳುತ್ತಿದ್ದುದೂ ಅದೇ ಮಾತು. ಆನೆಯೊಂದು ಸುಳ್ಳು, ಉಳಿದ ಎಚ್ಚರಿಕೆಯೆಲ್ಲ ಸರಿಯಾಗಿಯೇ ಇತ್ತು. ಇದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ. ಅಲ್ಲಿಯವರೆಗೆ ನಾನು ಅವರೊಂದಿಗೆ ವಾದ ಮಾಡುತ್ತಲೇ ಇದ್ದೆ.

ಕಾಫಿ ಕೊಯ್ಲಿನ ಡಿಸೆಂಬರ್ ಅದು. ಸೋಮವಾರ ಮಧ್ಯಾಹ್ನ ಕಣದಲ್ಲಿ ಹಣ್ಣು ಹರಡುತ್ತಿದ್ದ ಅಪ್ಪ, ಮಡಚಿಟ್ಟಿದ್ದ ಟಾರ್ಪಾಲಿಗೆ ಕಾಲು ತೊಡರಿ ಬಿದ್ದರು. ವಯಸ್ಸು 76. ಎಡಗಾಲು ಹೊರಕ್ಕೆ ತಿರುಗಿಕೊಂಡು ಗಿಡ್ಡವಾದಂತೆ ಕಾಣುತ್ತಿತ್ತು. 108ಕ್ಕೆ ಕರೆ ಮಾಡಿ ಹಾಸನಕ್ಕೆ ತಂದೆವು. ತೊಡೆಮೂಳೆಯ ಮೇಲ್ತುದಿ, ಸೊಂಟದ ಕೀಲಿನ ಹತ್ತಿರ, ಮುರಿದಿತ್ತು. ಬುಧವಾರ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸೊಂಟದ ಕೆಳಗೆ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಪೂರ್ತಿ ಪ್ರಜ್ಞೆ ತಪ್ಪಿಸಿಲ್ಲವಲ್ಲ, ತಲೆಗೇನೂ ತೊಂದರೆಯಿಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೆ. ಆ ಲೆಕ್ಕ ತಪ್ಪು. ಸೊಂಟ ಮುರಿದ ವೃದ್ಧರಲ್ಲಿ ಬೆನ್ನಿನ ಅರಿವಳಿಕೆಗೂ ಪೂರ್ಣ ಅರಿವಳಿಕೆಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ ಎಂದು ಆಮೇಲೆ ತಿಳಿಯಿತು.

ಗುರುವಾರ ಬೆಳಿಗ್ಗೆ ಒಂದು ಯೂನಿಟ್ ರಕ್ತ ಕೊಟ್ಟರು. ಅರ್ಧ ಮುಗಿಯುವಷ್ಟರಲ್ಲಿ ಮೈಮೇಲೆ ದದ್ದು ಎದ್ದು ತುರಿಕೆ ಶುರುವಾಯಿತು. ರಕ್ತ ನಿಲ್ಲಿಸಿ, ತುರಿಕೆಗೊಂದು ಇಂಜೆಕ್ಷನ್ ಕೊಟ್ಟರು. ರಾತ್ರಿಗೂ ಅದನ್ನೇ ಬರೆದರು. ಅದೊಂದು ಸಣ್ಣ ಸಂಗತಿ, ಮರೆತುಬಿಡುವಂಥದ್ದು. ಮರೆಯದೇ ಉಳಿದದ್ದು ನನ್ನ ಪುಸ್ತಕದಿಂದಾಗಿ.

ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಯಾರ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಹದಿನಾಲ್ಕು ವರ್ಷಗಳಿಂದ ಬರೆದು ಬರೆದು, ಎಲ್ಲಿ ಕುಳಿತರೂ ಗಂಟೆ ಹಾಕಿ ಬರೆಯುವುದು ರೂಢಿಯಾಗಿದೆ. ಆಸ್ಪತ್ರೆಯಲ್ಲಿಯೂ ಬರೆಯುತ್ತಿದ್ದೆ. ಗುರುವಾರದ ಪುಟದಲ್ಲಿ ಹೀಗಿದೆ: 'ಸಂಜೆ 5.40 – ಹೊದಿಕೆಯ ಮೇಲೆ ಏನನ್ನೋ ಆಯುತ್ತಿದ್ದಾರೆ. 6.15 – ಹಣ್ಣು ಚೆಲ್ಲಿದೆ, ಬುಟ್ಟಿ ತಾ ಎಂದರು. 7.00 – ಅಮ್ಮನನ್ನು ಗುರುತಿಸಿದರು, ಸರಿಯಾಗಿ ಮಾತನಾಡಿದರು. 8.30 – ತುರಿಕೆ ಇಂಜೆಕ್ಷನ್. 11.00 – ನಿದ್ದೆ ಇಲ್ಲ. 1.20 – ಆನೆ.'

ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ, ಹೊದಿಕೆಯ ಮೇಲಿನ ಕಾಣದ ಹಣ್ಣನ್ನು ಒಂದೊಂದಾಗಿ ಹೆಕ್ಕಿ ಎಡಗೈ ಬೊಗಸೆಗೆ ಹಾಕಿಕೊಳ್ಳುವುದು. ಕೊಯ್ಲಾದ ಮೇಲೆ ಗಿಡದ ಬುಡದಲ್ಲಿ ಬಿದ್ದ ಕಾಯಿ ಹೆಕ್ಕುವ ಬೆರಳಾಟವೇ ಅದು. ನೋಡುತ್ತ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೀಗೆ ಹೊದಿಕೆಯನ್ನೋ ಗಾಳಿಯನ್ನೋ ಕೀಳುತ್ತಿರುವುದು ಸನ್ನಿಯ ಹಳೆಯ ಗುರುತು, ಪ್ರಾಚೀನ ಗ್ರೀಕ್ ವೈದ್ಯರೂ ಇದನ್ನು ಬರೆದಿಟ್ಟಿದ್ದಾರೆ ಎಂದು ಆಮೇಲೆ ಓದಿದೆ.

ಶುಕ್ರವಾರ ಬೆಳಿಗ್ಗೆ ಅಪ್ಪ ಹೆಚ್ಚುಕಡಿಮೆ ಸರಿಯಾಗಿದ್ದರು. ಇಡ್ಲಿ ತಿಂದರು, ತಮ್ಮನಿಗೆ ಕಣ ಮುಚ್ಚಿದ್ದೀಯಾ ಎಂದು ಕೇಳಿದರು. ರಾತ್ರಿ ನಡೆದದ್ದು ಕನವರಿಕೆ ಇರಬೇಕು ಎಂದುಕೊಂಡೆವು. ಈ ಏರಿಳಿತವೇ ಮನೆಯವರನ್ನು ಮೋಸಗೊಳಿಸುತ್ತದೆ. ವೈದ್ಯರು ಬರುವ ಹತ್ತು ಗಂಟೆಗೆ ರೋಗಿ ತಿಳಿಯಾಗಿರುತ್ತಾರೆ, ನಾವು ಹೇಳಿದ್ದು ಉತ್ಪ್ರೇಕ್ಷೆ ಎನಿಸುತ್ತದೆ. ಕತ್ತಲಾದರೆ ಮತ್ತೆ ಶುರು.

ಶುಕ್ರವಾರ ರಾತ್ರಿ ಶುರುವಾದದ್ದು ಹಿಂದಿನದಕ್ಕಿಂತ ಕೆಟ್ಟದ್ದು. ಸೂಜಿ ಕಿತ್ತುಕೊಂಡರು, ರಕ್ತ ಸೋರಿತು. ಶಸ್ತ್ರಚಿಕಿತ್ಸೆ ಆದ ಕಾಲನ್ನು ಕೆಳಗಿಡಲು ಹೋದರು. ರಾತ್ರಿ ಪಾಳಿಯವರು ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿ, ನಿದ್ದೆ ಬರುವ ಇಂಜೆಕ್ಷನ್ ಕೊಟ್ಟರು. ಇಡೀ ವಾರ್ಡಿಗೆ ಇಬ್ಬರೇ ಇದ್ದರು, ಅವರ ಕಷ್ಟ ನನಗೂ ಕಾಣುತ್ತಿತ್ತು. ಆದರೆ ಕೈ ಕಟ್ಟಿದ ಕ್ಷಣದಲ್ಲಿ ಅಪ್ಪನ ಮುಖದಲ್ಲಿ ಬಂದ ಭಯವನ್ನು ನಾನು ಮರೆಯಲಾರೆ. ಆನೆ ಎದುರಿಗಿದೆ, ಓಡಲಾಗದಂತೆ ಸ್ವಂತ ಮಗಳೇ ಕಟ್ಟಿಹಾಕಿಸಿದ್ದಾಳೆ – ಅವರಿಗೆ ಕಂಡದ್ದು ಅದು. ಅರ್ಧ ಗಂಟೆ ಮಂಕಾಗಿ ಮಲಗಿ, ಎರಡು ಗಂಟೆಗೆ ಎದ್ದಾಗ ಮೊದಲಿಗಿಂತ ಹೆಚ್ಚು ಕಂಗೆಟ್ಟಿದ್ದರು. ನಾನೇ ಗಂಟು ಬಿಚ್ಚಿ ಬೆಳಗಿನವರೆಗೆ ಕೈ ಹಿಡಿದು ಕುಳಿತೆ.

ಬೆಳಗಿನ ಜಾವ ಅವರು ಮಂಚದ ಕಾಲುಗಳ ಕಡೆ ನೋಡಿ ನಕ್ಕು, "ಯಾವಾಗ ಬಂದೆ? ಕುಳಿತುಕೋ" ಎಂದರು. ಅಲ್ಲಿ ದೊಡ್ಡಪ್ಪ ಕುಳಿತು ಎಲೆಅಡಿಕೆ ಹಾಕುತ್ತಿದ್ದಾರಂತೆ. ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷ.

ಶನಿವಾರ ಬೇಲೂರು ಕಡೆಯಿಂದ ಬಂದ ಅತ್ತೆ, ಅಪ್ಪನ ತಂಗಿ, ಇದನ್ನು ಕೇಳಿ ಅಲ್ಲಿಯೇ ಕುಸಿದು ಕುಳಿತರು. "ದೊಡ್ಡಣ್ಣ ಕರೆದುಕೊಂಡು ಹೋಗಲು ಬಂದಿದ್ದಾನೆ. ಹೋಗುವವರಿಗೇ ಸತ್ತವರು ಕಾಣುವುದು. ಸನ್ನಿ ಹಿಡಿದಿದೆ. ಆಸ್ಪತ್ರೆಯಲ್ಲಿ ಜೀವ ಹೋಗುವುದು ಬೇಡ, ಮನೆಗೆ ಕರೆದುಕೊಂಡು ಹೋಗೋಣ." ಅತ್ತೆಯದು ಅಜ್ಞಾನವೆಂದು ನಾನು ಎಂದೂ ಹೇಳುವುದಿಲ್ಲ; ಅಣ್ಣ ತಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕಣ್ಣು ಮುಚ್ಚಲಿ ಎಂಬ ಪ್ರೀತಿ ಅದು. ಅಮ್ಮ ಅತ್ತೆಯ ಮಾತಿಗೆ ವಾಲಿದರು. ತಮ್ಮ ಕಾರು ತರಲು ಕೆಳಗಿಳಿದ. ಅಂದು ಕರೆದುಕೊಂಡು ಹೋಗಿದ್ದರೆ ಅತ್ತೆಯ ಮಾತು ನಿಜವಾಗುತ್ತಿತ್ತು. ಊರಿನಲ್ಲಿ ಹಾಗೆ 'ನಿಜವಾದ' ಸಾವುಗಳು ಎಷ್ಟಿರಬಹುದೆಂದು ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಮನೆಗೆ ಕಳಿಸುವ ಮೊದಲು ಫಿಸಿಷಿಯನ್ ಒಮ್ಮೆ ನೋಡಬೇಕು ಎಂದು ಮೂಳೆ ವೈದ್ಯರು ಪಟ್ಟು ಹಿಡಿದರು. ಹಾಗೆ ಬಂದವರು ಐವತ್ತರ ಆಸುಪಾಸಿನ ಒಬ್ಬ ವೈದ್ಯೆ. ಅಪ್ಪನ ಕಿವಿಯ ಹತ್ತಿರ ಬಾಗಿ, "ಗೌಡರೇ, ನಾನು ಡಾಕ್ಟರ್. ವಾರಗಳನ್ನು ಹಿಂದಿನಿಂದ ಹೇಳುತ್ತೀರಾ? ಭಾನುವಾರ, ಶನಿವಾರ, ಹಾಗೆ" ಎಂದರು. ಅಪ್ಪ, "ಭಾನುವಾರ, ಶನಿವಾರ, ಶುಕ್ರವಾರ..." ಎಂದು ನಿಂತು, "ಸಂತೆಗೆ ಯಾರು ಹೋದರು?" ಎಂದರು. ಮತ್ತೆ ಕೇಳಿದರೆ ಪರದೆಯ ಕಡೆ ನೋಡುತ್ತಿದ್ದರು.

"ನೆನಪು ಹೋಗಿಲ್ಲ, ಗಮನ ನಿಲ್ಲುತ್ತಿಲ್ಲ" ಎಂದರು ವೈದ್ಯೆ. "ಇದಕ್ಕೆ ಡೆಲಿರಿಯಂ ಎನ್ನುತ್ತೇವೆ. ಹುಚ್ಚಲ್ಲ. ಮರೆವಿನ ಕಾಯಿಲೆಯೂ ಅಲ್ಲ. ಅದು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಇದು ಗಂಟೆಗಳಲ್ಲಿ ಬಂದಿದೆ." ಹಠಾತ್ತನೆ ಶುರುವಾಗಿ ಏರಿಳಿಯುವುದು, ಗಮನ ನಿಲ್ಲದಿರುವುದು, ಜೊತೆಗೆ ಮಾತಿನ ಎಳೆ ತಪ್ಪುವುದು ಅಥವಾ ಎಚ್ಚರದ ಮಟ್ಟ ಬದಲಾಗುವುದು – ಇವುಗಳನ್ನು ನೋಡಿ ಗುರುತಿಸುವ ಪರೀಕ್ಷಾಕ್ರಮವನ್ನು ಅಮೆರಿಕದ ವೈದ್ಯೆ ಶರೋನ್ ಇನೋಯೆ ಮತ್ತು ಅವರ ಸಂಗಡಿಗರು 1990ರಲ್ಲಿ ರೂಪಿಸಿದರು, ಇಂದಿಗೂ ಲೋಕದ ಬಹಳ ಕಡೆ ಅದನ್ನು ಬಳಸುತ್ತಾರೆ ಎಂದು ಹೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನೀವು ಸನ್ನಿ ಎಂದಿರಂತೆ. ಸರಿಯಾದ ಪದ. ಆದರೆ ಸನ್ನಿ ಎಂದರೆ ಸಾವಲ್ಲ. ಹುಡುಕಿದರೆ ಕಾರಣ ಸಿಗುತ್ತದೆ. ನನಗೆ ಎರಡು ದಿನ ಕೊಡಿ" ಎಂದರು.

ಸನ್ನಿ, ಸನ್ನಿಪಾತ. ಆ ಪದದ ಅರ್ಥವನ್ನು ನಾನು ಅಂದಿನವರೆಗೆ ಬಿಡಿಸಿ ನೋಡಿರಲಿಲ್ಲ. ಹಲವು ಒಟ್ಟಿಗೆ ಬಂದು ಬೀಳುವುದು ಎಂದರ್ಥ. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿದಾಗ ಬರುವ ಜ್ವರ, ಅದರ ಬಡಬಡಿಕೆ. ಲ್ಯಾಟಿನ್ ಮೂಲದ ಡೆಲಿರಿಯಂ ಎಂಬ ಪದಕ್ಕೆ ನೇಗಿಲ ಸಾಲು ಬಿಟ್ಟು ಆಚೆಗೆ ಹೋಗುವುದು ಎಂಬ ಅರ್ಥವಿದೆಯಂತೆ. ಉತ್ತು ಬಿತ್ತಿದ ಮನುಷ್ಯನಿಗೆ ಆ ಹೆಸರೂ ಹೊಂದುತ್ತದೆ. ಆದರೆ ಅಪ್ಪನ ದೇಹದಲ್ಲಿ ನಡೆದದ್ದನ್ನು ಹೇಳಲು ನಮ್ಮ ಪದವೇ ಮೇಲು. ಒಂದೇ ಏಟಿಗೆ ಯಾವುದೂ ಅವರನ್ನು ಉರುಳಿಸಿರಲಿಲ್ಲ. ಹಲವು ಬಂದು ಒಟ್ಟಿಗೆ ಬಿದ್ದಿದ್ದವು.

ವೈದ್ಯೆ ನನ್ನ ಪುಸ್ತಕ ಇಸಿದುಕೊಂಡು ನಿಂತಲ್ಲೇ ಓದಿದರು. ಬೆರಳಿಟ್ಟದ್ದು ತುರಿಕೆ ಇಂಜೆಕ್ಷನ್ನಿನ ಮೇಲೆ. ಕೇಸ್ ಶೀಟ್ ತರಿಸಿ ನೋಡಿದರು: ಫೆನಿರಮೈನ್. ಗುರುವಾರ ಎರಡು ಬಾರಿ, ಶುಕ್ರವಾರ ಎರಡು ಬಾರಿ.

"ಉಮ್ಮತ್ತಿ ಗಿಡ ಗೊತ್ತಲ್ಲವೇ?" ಎಂದು ಕೇಳಿದರು.

ಗೊತ್ತಿಲ್ಲದೆ ಏನು? ಬೇಲಿಯ ಪಕ್ಕ, ತಿಪ್ಪೆಯ ಅಂಚಿನಲ್ಲಿ, ಮುಳ್ಳುಕಾಯಿ ಬಿಡುವ ಗಿಡ. ಅದರ ಬೀಜ ತಿಂದ ಮಕ್ಕಳು ಬಾಯೊಣಗಿ, ಕಣ್ಣು ಅಗಲಿಸಿ, ಇಲ್ಲದ್ದನ್ನು ಕಂಡು ಕಿರುಚುತ್ತವೆಂದು ಹೆದರಿಸಿಯೇ ನಮ್ಮನ್ನು ಬೆಳೆಸಿದ್ದರು. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆ. ಗಮನ, ಎಚ್ಚರ, ನೆನಪು ಅದರ ಕೆಲಸ. ಉಮ್ಮತ್ತಿಯಲ್ಲಿರುವ ಅಟ್ರೋಪಿನ್, ಸ್ಕೋಪಲಮಿನ್ ಅದರ ದಾರಿಯನ್ನು ಅಡ್ಡಗಟ್ಟುತ್ತವೆ. ನೆಗಡಿಗೆ, ತುರಿಕೆಗೆ ಕೊಡುವ ಹಳೆಯ ತಲೆಮಾರಿನ ಔಷಧಗಳೂ, ಬಲ ಕಡಿಮೆಯಾದರೂ, ಅದೇ ಕೆಲಸ ಮಾಡುತ್ತವೆ. ಮೂವತ್ತು ವರ್ಷದವನಿಗೆ ತೂಕಡಿಕೆ ಬಂದು ಹೋಗುತ್ತದೆ. ಆ ರಾಸಾಯನಿಕವೇ ಕಡಿಮೆಯಾಗುತ್ತ ಬಂದಿರುವ ಮುದಿ ಮಿದುಳಿಗೆ ಅಷ್ಟೇ ಸಾಕಾಗುತ್ತದೆ. 65 ದಾಟಿದವರಿಗೆ ಕೊಡದಿರುವುದೇ ಲೇಸೆನ್ನುವ ಔಷಧಗಳ ಒಂದು ಪಟ್ಟಿಯಿದೆ, 1991ರಲ್ಲಿ ಮೊದಲು ಬಂದ ಬಿಯರ್ಸ್ ಪಟ್ಟಿ. ಈ ಜಾತಿಯ ಔಷಧಗಳು ಅದರಲ್ಲಿವೆ. ಅಪ್ಪ ಎರಡು ದಿನದಿಂದ ನೀರು ನೀರು ಎನ್ನುತ್ತಿದ್ದುದು, ಬಾಯಿ ಅಂಟುತ್ತಿದ್ದುದು ಅದರಿಂದಲೇ ಇರಬಹುದು ಎಂದರು.

ವೈದ್ಯೆ ಅಲ್ಲಿಗೇ ನಿಲ್ಲಿಸಲಿಲ್ಲ. ಹೊದಿಕೆ ಸರಿಸಿ ಹೊಕ್ಕುಳ ಕೆಳಗೆ ಒತ್ತಿ ನೋಡಿದರು. ಅಪ್ಪ ಮುಲುಕಿದರು. ಮೂತ್ರದ ನಳಿಕೆ ಶುಕ್ರವಾರ ಬೆಳಿಗ್ಗೆ ತೆಗೆದಿದ್ದರು; ಆಮೇಲೆ ಸ್ವಲ್ಪ ಸ್ವಲ್ಪ ಹೋಗುತ್ತಿತ್ತು, ನಾವು ಸರಿಯಿದೆ ಎಂದುಕೊಂಡಿದ್ದೆವು. ಸ್ಕ್ಯಾನ್ ಮಾಡಿದರೆ ಮೂತ್ರಕೋಶದಲ್ಲಿ 700 ಮಿಲಿಲೀಟರ್ ನಿಂತಿತ್ತು. ಮೂತ್ರ ಕಟ್ಟುವುದೂ ಆ ಇಂಜೆಕ್ಷನ್ನಿನ ಇನ್ನೊಂದು ಗುಣ. ಮಲವಿಸರ್ಜನೆ ಆಗಿ ಐದು ದಿನವಾಗಿತ್ತು, ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ಇಷ್ಟು ಸಾಮಾನ್ಯವಾದ ಸಂಗತಿ ಮನುಷ್ಯನ ಬುದ್ಧಿಯನ್ನು ಕದಡಬಲ್ಲದೆಂದು ನನಗೆ ಯಾರಾದರೂ ಮೊದಲೇ ಹೇಳಿದ್ದರೆ! ಹಿರಿಯರ ದೇಹದಲ್ಲಿ ನೋವು, ಮೂತ್ರದ ಒತ್ತಡ, ಕಟ್ಟಿದ ಹೊಟ್ಟೆ ಎಲ್ಲವೂ ಮಿದುಳಿಗೆ ಹೋಗಿ ತಟ್ಟುತ್ತವೆ; ಎಲ್ಲಿ ನೋಯುತ್ತಿದೆ ಎಂದು ಹೇಳುವ ಶಕ್ತಿಯೇ ಆಗ ಅವರಲ್ಲಿ ಇರುವುದಿಲ್ಲ.

ಬಿದ್ದಾಗ ತಲೆಗೂ ಪೆಟ್ಟಾಗಿರಬಹುದೆಂದು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ರಕ್ತಸ್ರಾವವಿರಲಿಲ್ಲ. ಸಕ್ಕರೆ, ಆಮ್ಲಜನಕ, ಎದೆಯ ಎಕ್ಸ್‌ರೇ ಸರಿಯಿದ್ದವು. ಮೂತ್ರದಲ್ಲಿ ಸೋಂಕಿರಲಿಲ್ಲ. ವೃದ್ಧರಲ್ಲಿ ಜ್ವರವೇ ಇಲ್ಲದೆ, ಬರೀ ಗಲಿಬಿಲಿಯಾಗಿಯೇ ನ್ಯುಮೋನಿಯಾ ಕಾಣಿಸಿಕೊಳ್ಳುವುದುಂಟು, ಆದ್ದರಿಂದ ಇವನ್ನು ಬಿಡುವಂತಿಲ್ಲ ಎಂದರು.

ಮಧ್ಯಾಹ್ನ ರಕ್ತದ ವರದಿ ಬಂತು. ರಕ್ತದಲ್ಲಿನ ಉಪ್ಪಿನ ಅಂಶ, ಸೋಡಿಯಂ, 121. ಇರಬೇಕಾದದ್ದು 135ರಿಂದ 145.

"ಬಿಪಿ ಮಾತ್ರೆ ಯಾವುದು?" ಅಮ್ಮ ಸೀರೆಯ ಗಂಟಿನಿಂದ ಮಡಿಸಿದ ಚೀಟಿ ತೆಗೆದರು. ರಕ್ತದೊತ್ತಡ ಇಳಿಸುವ ಔಷಧದ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿರುವ ಮಾತ್ರೆ. ಮೂತ್ರದ ಮೂಲಕ ಉಪ್ಪನ್ನು ಹೊರಹಾಕುವುದೇ ಅದರ ಕೆಲಸ. ವರ್ಷಗಳಿಂದ ನುಂಗುತ್ತಿದ್ದರು. ಜೊತೆಗೆ, ಬಿಪಿ ಇದೆಯೆಂದು ನಾವು ಮನೆಯಲ್ಲಿ ಉಪ್ಪು ಬಹಳವೇ ಕಡಿಮೆ ಮಾಡಿದ್ದೆವು. ಬಿದ್ದ ಮೇಲೆ ಊಟವಿಲ್ಲ, ನೋವು, ಶಸ್ತ್ರಚಿಕಿತ್ಸೆ. ನೋವಿನಲ್ಲಿರುವ ದೇಹ ನೀರನ್ನು ಹಿಡಿದಿಟ್ಟುಕೊಂಡು ಇರುವ ಸೋಡಿಯಂ ಅನ್ನೂ ತೆಳುವಾಗಿಸುತ್ತದೆ. ಕಣದಲ್ಲಿ ಕಾಲು ತೊಡರಿದ್ದು ಕೂಡ ಟಾರ್ಪಾಲಿನಿಂದ ಮಾತ್ರವೋ, ಸೋಡಿಯಂ ಆಗಲೇ ಇಳಿದು ನಡಿಗೆ ತಪ್ಪಿತ್ತೋ ಎಂದು ವೈದ್ಯೆ ಕೇಳಿದಾಗ, ಆ ವಾರವೆಲ್ಲ ಅಪ್ಪ ಮಂಕಾಗಿದ್ದುದು ನನಗೆ ನೆನಪಾಯಿತು.

"ಉಪ್ಪು ಕಡಿಮೆಯಾಗಿದ್ದರೆ ಈಗಲೇ ಡ್ರಿಪ್ಪಿನಲ್ಲಿ ಬೇಗ ಬೇಗ ಏರಿಸಬಾರದೇ?" ಎಂದು ತಮ್ಮ ಕೇಳಿದ.

"ಬೇಗ ಏರಿಸಿದರೆ ಮಿದುಳಿನ ಕಾಂಡಕ್ಕೇ ಪೆಟ್ಟು. ದಿನವೊಂದಕ್ಕೆ ಎಂಟು ಅಂಕಿ ದಾಟಬಾರದು. ಆರು ಗಂಟೆಗೊಮ್ಮೆ ನೋಡುತ್ತೇನೆ." ಕಾರಿನ ಕೀಲಿ ತಮ್ಮನ ಜೇಬಿಗೆ ಹೋಯಿತು. ಅತ್ತೆ ಮಾತನಾಡಲಿಲ್ಲ, ಆದರೆ ಚೀಲದಿಂದ ಕಪ್ಪು ದಾರ ತೆಗೆದು, "ಇದನ್ನು ಕಟ್ಟಬಹುದೇ?" ಎಂದು ಕೇಳಿದರು. ಸೂಜಿ ಇಲ್ಲದ ಕೈಗೆ ಕಟ್ಟಿ ಎಂದರು ವೈದ್ಯೆ.

ಕಾಯಿಲೆಗೆ ದೇಹದಲ್ಲಿ ಕಾರಣ ಸಿಕ್ಕಿತು. ಆದರೆ ಆನೆಯೇ ಏಕೆ ಬಂತು? ಅದನ್ನೂ ಕೇಳಿದೆ.

ಕನ್ನಡಕ ಎಲ್ಲಿ ಎಂದು ಅವರು ತಿರುಗಿ ಕೇಳಿದರು. ಬಿದ್ದಾಗ ಒಡೆದಿತ್ತು. ಒಂದು ಕಣ್ಣಿನಲ್ಲಿ ಪೊರೆ ಬೇರೆ ಇದೆ. ಕಿವಿಯ ಯಂತ್ರ ಮನೆಯ ಗೂಡಿನಲ್ಲಿ, ಕಳೆದುಹೋದೀತೆಂದು ನಾವೇ ಬಿಟ್ಟು ಬಂದಿದ್ದೆವು. ಇಡೀ ರಾತ್ರಿ ಟ್ಯೂಬ್‌ಲೈಟು, ಹಗಲು ಮುಚ್ಚಿದ ಪರದೆ, ಗಡಿಯಾರವಿಲ್ಲದ ಗೋಡೆ, ಗಂಟೆಗೊಮ್ಮೆ ಎಬ್ಬಿಸಿ ಬಿಪಿ. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ನಿದ್ದೆ ಕೆಟ್ಟ ಮಿದುಳಿನಲ್ಲಿ ಕನಸು ಎಚ್ಚರದೊಳಕ್ಕೆ ನುಗ್ಗುತ್ತದೆ. ಕಣ್ಣು ಅರೆಬರೆ ತಂದುಕೊಟ್ಟದ್ದನ್ನು ಮಿದುಳು ತನ್ನ ಹಳೆಯ ಸರಕಿನಿಂದ ತುಂಬಿಕೊಳ್ಳುತ್ತದೆ. ಆರೋಗ್ಯವಾಗಿದ್ದಾಗ ಮರುಕ್ಷಣವೇ ಅದನ್ನು ತಿದ್ದಿಕೊಳ್ಳುತ್ತದೆ, ಗಮನ ಕುಸಿದಾಗ ತಿದ್ದುವವರೇ ಇರುವುದಿಲ್ಲ. ಹಗ್ಗವನ್ನು ಹಾವೆಂದು ಕಾಣುವುದೊಂದು, ಏನೂ ಇಲ್ಲದಲ್ಲಿ ಹಾವು ಕಾಣುವುದು ಇನ್ನೊಂದು. ಬೂದು ಪರದೆ ಆನೆಯಾದದ್ದು ಮೊದಲನೆಯ ಬಗೆ, ದೊಡ್ಡಪ್ಪ ಬಂದು ಕುಳಿತದ್ದು ಎರಡನೆಯದು. ಡೆಲಿರಿಯಂನಲ್ಲಿ ಎರಡೂ ಬೆರೆಯುತ್ತವೆ, ಬಹುಪಾಲು ಕಣ್ಣಿಗೆ ಕಾಣುವಂಥವೇ ಆಗಿರುತ್ತವೆ. ಮೈಯಲ್ಲಿ ಮೂಡಿದ ಭಯಕ್ಕೆ ಮಿದುಳು ಒಂದು ರೂಪ ಹುಡುಕಿತು. ಎಪ್ಪತ್ತಾರು ವರ್ಷ ಬಾಳಿದ ನೆಲದಲ್ಲಿ ಅಪ್ಪನಿಗೆ ಗೊತ್ತಿದ್ದ ಭಯದ ರೂಪ ಆನೆ. ಇದು ನನ್ನ ಮಾತು, ವೈದ್ಯೆಯದಲ್ಲ.

"ಇಲ್ಲ ಎಂದು ವಾದಿಸಬೇಡಿ, ಹೌದು ಎಂದು ಸುಳ್ಳೂ ಹೇಳಬೇಡಿ" ಎಂದರು. "ನನಗೆ ಕಾಣುತ್ತಿಲ್ಲ, ನಿಮಗೆ ಹೆದರಿಕೆಯಾಗುತ್ತಿದೆ ಎಂದು ತಿಳಿಯುತ್ತದೆ, ನಾನಿಲ್ಲೇ ಇದ್ದೇನೆ ಎನ್ನಿ."

ಪಕ್ಕದ ಮಂಚದ ಕಥೆ ಬೇರೆಯಿತ್ತು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ನಲವತ್ತೈದರ ಗಂಡಸು. ದಿನವೂ ಕುಡಿಯುತ್ತಿದ್ದವರು, ಅದನ್ನು ಹೆಂಡತಿ ನಾಚಿಕೆಯಿಂದ ಹೇಳಿರಲಿಲ್ಲ. ಮೂರನೆಯ ದಿನ ಕೈ ನಡುಗಿ, ಬೆವರಿ, ಗೋಡೆಯ ತುಂಬ ಹುಳ ಹರಿಯುತ್ತಿವೆ ಎಂದು ಒದರತೊಡಗಿದರು. ಕುಡಿತ ಒಮ್ಮೆಲೇ ನಿಂತಾಗ ಎರಡರಿಂದ ನಾಲ್ಕನೆಯ ದಿನದೊಳಗೆ ಬರುವ ಸನ್ನಿ ಅದು. ಅಪಸ್ಮಾರ ಬಂದು ಜೀವಕ್ಕೂ ಕುತ್ತಾಗಬಹುದು. ಅವರಿಗೆ ನಿದ್ದೆ ಬರಿಸಿ ಶಾಂತಗೊಳಿಸುವ ಲೊರಾಜೆಪಾಮ್ ಬೇಕೇ ಬೇಕು, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ. ಅಪ್ಪನಿಗೆ ಶುಕ್ರವಾರ ರಾತ್ರಿ ಕೊಟ್ಟಿದ್ದೂ ಲೊರಾಜೆಪಾಮ್ ಗುಂಪಿನ ಔಷಧವೇ, ಅಪ್ಪನಂಥವರಿಗೆ ಅದು ಗಲಿಬಿಲಿಯನ್ನು ಹೆಚ್ಚಿಸುತ್ತದೆ. ಒಂದೇ ವಾರ್ಡು, ಅಕ್ಕಪಕ್ಕದ ಮಂಚ, ಇಬ್ಬರಿಗೂ ಇಲ್ಲದ್ದು ಕಾಣುತ್ತಿದೆ. ಒಬ್ಬರನ್ನು ಉಳಿಸುವ ಔಷಧ ಇನ್ನೊಬ್ಬರನ್ನು ಕೆಡಿಸುತ್ತದೆ. ಕಾರಣ ಹುಡುಕದೆ ನಿದ್ದೆ ಮಾಡಿಸಿದರೆ ಆಗದು ಎಂಬುದಕ್ಕೆ ನನಗೆ ಇದಕ್ಕಿಂತ ಪುರಾವೆ ಬೇಡ. ದಯವಿಟ್ಟು ಕುಡಿತವನ್ನು ವೈದ್ಯರಿಂದ ಮುಚ್ಚಿಡಬೇಡಿ. ಎದುರಿನ ಮಂಚದಲ್ಲಿ ಒಬ್ಬ ಅಜ್ಜ ಇಡೀ ದಿನ ಸದ್ದಿಲ್ಲದೆ ಮಲಗಿರುತ್ತಿದ್ದರು. ಎಷ್ಟು ಒಳ್ಳೆಯ ರೋಗಿ ಎಂದುಕೊಂಡಿದ್ದೆ. ಅವರನ್ನೂ ಪರೀಕ್ಷಿಸಿದ ವೈದ್ಯೆ, ಅದೂ ಡೆಲಿರಿಯಂ, ಮೌನದ್ದು, ಯಾರ ಕಣ್ಣಿಗೂ ಬೀಳದ್ದರಿಂದ ಹೆಚ್ಚು ಅಪಾಯದ್ದು ಎಂದರು.

ಶನಿವಾರ ಸಂಜೆಯಿಂದ ನಮಗೆ ಕೈತುಂಬ ಕೆಲಸ. ತುರಿಕೆ ಇಂಜೆಕ್ಷನ್ ಮತ್ತು ಬಿಪಿ ಮಾತ್ರೆ ನಿಂತವು. ನೋವಿಗೆ ಕೊಡುತ್ತಿದ್ದ ಟ್ರಮಡಾಲ್ ಕೂಡ ಭ್ರಮೆ ತರಬಲ್ಲದೆಂದು ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಅನ್ನು ಹೊತ್ತು ಹೊತ್ತಿಗೆ ಕೊಟ್ಟರು. ನೋವನ್ನು ಹಾಗೇ ಬಿಟ್ಟರೂ ಸನ್ನಿ ಹೆಚ್ಚುತ್ತದೆ, ಹಾಗಾಗಿ ಬರೀ ನಿಲ್ಲಿಸುವಂತಿಲ್ಲ. ಎನಿಮಾ ಕೊಟ್ಟು ಹೊಟ್ಟೆ ಸಡಿಲವಾಯಿತು. ತಮ್ಮ ಊರಿಗೆ ಹೋಗಿ ಹಳೆಯ ಕನ್ನಡಕ, ಕಿವಿಯ ಯಂತ್ರ, ಗೋಡೆ ಗಡಿಯಾರ, ತಾರೀಖು ಹರಿಯುವ ಕ್ಯಾಲೆಂಡರ್ ತಂದ. ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿಕೊಟ್ಟರು. ಹಗಲು ಕುರ್ಚಿಯಲ್ಲಿ ಕೂರಿಸಿ, ಭಾನುವಾರ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ರಾತ್ರಿ ಒಂಬತ್ತೂವರೆಗೆ ನಮ್ಮ ಕಡೆಯ ದೀಪ ಆರಿಸಿದರು. ದೀಪ ಆರಿಸು ಎಂದು ಅಪ್ಪ ಗುರುವಾರದಿಂದ ಕೇಳುತ್ತಿದ್ದರು.

ಭಾನುವಾರ ಸೋಡಿಯಂ 127. ಸೋಮವಾರ 131. ಅಂಕಿ ಏರಿದಂತೆಲ್ಲ ಬುದ್ಧಿಯೂ ನೆಟ್ಟಗೆ ಏರುತ್ತದೆ ಎಂದು ನಾನು ಕಾದಿದ್ದೆ. ಹಾಗಾಗಲಿಲ್ಲ. ಭಾನುವಾರ ರಾತ್ರಿ ಐದು ತಾಸು ನಿದ್ದೆ ಮಾಡಿದವರು ಸೋಮವಾರ ಸಂಜೆ ಮತ್ತೆ ಬಾಗಿಲ ಕಡೆ ಬೆರಳು ತೋರಿದರು. ನನ್ನ ಎದೆ ಧಸಕ್ಕೆಂದಿತು. ಕಾರಣ ಸರಿಹೋದ ಮೇಲೂ ಮಿದುಳು ತನ್ನ ಹೊತ್ತಿಗೆ ತಾನು ತಿಳಿಯಾಗುತ್ತದೆ, ದಿನಗಳು ಬೇಕು, ಕೆಲವರಿಗೆ ವಾರಗಳು ಬೇಕು. "ಅಪ್ಪ, ನನಗೆ ಕಾಣುತ್ತಿಲ್ಲ. ನಾನು ಇಲ್ಲೇ ಕುಳಿತಿರುತ್ತೇನೆ" ಎಂದೆ. ಅವರು ಬಹಳ ಹೊತ್ತು ಆ ಕಡೆಗೇ ನೋಡಿ, "ನಿನಗೆ ಕಾಣದಿದ್ದರೆ ಹೋಗಿರಬೇಕು" ಎಂದು ತಲೆ ಇಟ್ಟರು. ಬುಧವಾರದ ಹೊತ್ತಿಗೆ ಭಾನುವಾರದಿಂದ ಸೋಮವಾರದವರೆಗೆ ಏಳೂ ವಾರಗಳನ್ನು ಹಿಂದುಮುಂದಾಗದೆ ಹೇಳಿದರು. ಮುಂದಿನ ಶುಕ್ರವಾರ ಊರಿಗೆ ಹೊರಟೆವು.

ಮನೆಯಲ್ಲಿಯೂ ಒಂದು ತಿಂಗಳು ಸಂಜೆಯಾದರೆ ಸ್ವಲ್ಪ ಮಂಕಾಗುತ್ತಿದ್ದರು. ಆ ದಿನಗಳ ಬಗ್ಗೆ ಅವರೇ ಮಾತೆತ್ತಿದ್ದು ಸಂಕ್ರಾಂತಿ ಕಳೆದ ಮೇಲೆ, ಜಗಲಿಯಲ್ಲಿ ಕುಳಿತಾಗ. "ಆನೆ ಇರಲಿಲ್ಲ ಎಂದು ಈಗ ಗೊತ್ತು. ಆದರೆ ಅದರ ಮೈಯ ವಾಸನೆ ಬಂದಿತ್ತು ಪುಟ್ಟಿ. ನೀನು ನನ್ನ ಕೈ ಕಟ್ಟಿಸಿದೆಯಲ್ಲ, ಅದು ಇತ್ತೋ ಇಲ್ಲವೋ?" ಇತ್ತು ಎಂದೆ. ತಪ್ಪಾಯಿತು ಎಂದೆ. ಅವರು ಮಣಿಕಟ್ಟನ್ನು ಸವರಿಕೊಂಡು ಸುಮ್ಮನಾದರು. ಅನೇಕರು ಇಂಥ ನೆನಪುಗಳನ್ನು ನಾಚಿಕೆಯಿಂದ ಒಳಗೇ ಇಟ್ಟುಕೊಂಡು ನರಳುತ್ತಾರಂತೆ. ನಾವು ಅಂದು ಪುಸ್ತಕ ತೆಗೆದು ಪ್ರತಿ ರಾತ್ರಿಯನ್ನೂ ಓದಿದೆವು. ಎಲ್ಲಿ ಆನೆ ಬಂತು, ಅದಕ್ಕೆ ಮೊದಲು ಏನು ಕೊಟ್ಟಿದ್ದರು, ಮೈಯಲ್ಲಿ ಏನು ಕೆಟ್ಟಿತ್ತು ಎಂದು ಒಂದೊಂದಾಗಿ. ದೊಡ್ಡಪ್ಪ ಬಂದ ಪುಟಕ್ಕೆ ಬಂದಾಗ, "ಅವನು ಬಂದದ್ದು ಮಾತ್ರ ಚೆನ್ನಾಗಿತ್ತು" ಎಂದರು.

ಬಿಪಿ ಮಾತ್ರೆ ಬದಲಾಗಿದೆ. ಎರಡು ತಿಂಗಳಿಗೊಮ್ಮೆ ಸೋಡಿಯಂ ನೋಡಿಸುತ್ತೇವೆ. ಕಳೆದ ಬಾರಿ 138. ಕಣ್ಣಿನ ಪೊರೆ ತೆಗೆಸಿದ್ದಾಯಿತು.

ಮೊನ್ನೆ ರಾತ್ರಿ ಹತ್ತೂವರೆಗೆ ಅತ್ತೆ ಫೋನ್ ಮಾಡಿದರು. ಅವರ ವಾರಗಿತ್ತಿಯನ್ನು ಚಿಕ್ಕಮಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ, ಸಂಜೆಯಿಂದ ಮೂಲೆಯಲ್ಲಿ ಮಗು ಅಳುತ್ತಿದೆ ಎನ್ನುತ್ತಿದ್ದಾರಂತೆ, ಮನೆಯವರೆಲ್ಲ ಊರಿಗೆ ಕರೆದುಕೊಂಡು ಹೋಗೋಣ ಎಂದು ಎದ್ದು ನಿಂತಿದ್ದಾರಂತೆ.

"ನಾನು ಬೇಡ ಎಂದು ಬಾಗಿಲಲ್ಲಿ ನಿಂತಿದ್ದೇನೆ" ಎಂದರು ಅತ್ತೆ. "ಕನ್ನಡಕ ಹಾಕಿಸಿದೆ. ಹೊಟ್ಟೆ ಹೋಗಿ ನಾಲ್ಕು ದಿನವಾಗಿದೆಯಂತೆ. ಮಾತ್ರೆ ಚೀಟಿ ನನ್ನ ಕೈಯಲ್ಲಿದೆ, ಓದುತ್ತೇನೆ, ಬರೆದುಕೋ."